ವಾಲಿಯ ಬೂದಿ ಮತ್ತು ಚಿಕ್ಕಮ್ಮನ ಛತ್ರಿ

ನಮ್ಮ 'ಅಜ್ಜನ ಮನೆ' ಗುಂಪಿನಲ್ಲಿ ಭಾನುವಾರ ಬೆಳಗ್ಗೆ ನಡೆದದ್ದು. ಗುಡ್ ಮಾರ್ನಿಂಗ್ ಹೂವುಗಳನ್ನು ಮಾತ್ರ ತೆಗೆದಿದ್ದೇನೆ.

ದೊಡ್ಡಪ್ಪ: (ಫಾರ್ವರ್ಡ್) ಹಂಪಿ ಹತ್ತಿರ ನಿಂಬಾಪುರದಲ್ಲಿ ವಾಲಿಯ ಚಿತಾಭಸ್ಮ ಪತ್ತೆ!! ನಾಸಾ ಒಪ್ಪಿಗೆ!! 11 ಜನರಿಗೆ ಕಳಿಸಿ.

ದೊಡ್ಡಪ್ಪ: ಈಗಿನ ಮಕ್ಕಳು ಓದಲೇಬೇಕು.

ರಘು: ನಾಸಾಗೂ ನಿಂಬಾಪುರಕ್ಕೂ ಏನು ಸಂಬಂಧ ದೊಡ್ಡಪ್ಪ? ಎಲ್ಲಿ ಬಂದಿದೆ ಇದು?

ದೊಡ್ಡಪ್ಪ: ಬ್ಯಾಂಕಿನ ಗ್ರೂಪಿನಲ್ಲಿ. ಎಲ್ಲ ರಿಟೈರ್ಡ್ ಮ್ಯಾನೇಜರುಗಳು. ಸುಳ್ಳು ಹಾಕುತ್ತಾರಾ?

ರಘು: ಆ ದಿಬ್ಬ ಈಗ ಪತ್ತೆ ಆದದ್ದಲ್ಲ. ವಾಲಿಯನ್ನು ಸುಟ್ಟ ಜಾಗ ಅಂತ ಊರವರು ಮೊದಲಿನಿಂದ ಹೇಳುತ್ತಾರೆ. ಆದರೆ ಇಂಥ ಬೂದಿಗುಡ್ಡ ಬಳ್ಳಾರಿ ದಾರಿಯ ಕುಡತಿನಿಯಲ್ಲೂ ಇದೆ, ಸುರಪುರದ ಕಡೆ ಬೂದಿಹಾಳದಲ್ಲೂ ಇದೆ. ಕರ್ನಾಟಕ, ಆಂಧ್ರ, ತೆಲಂಗಾಣ ಸೇರಿ ನೂರಕ್ಕೂ ಜಾಸ್ತಿ. ವಾಲಿ ಒಬ್ಬನೇ ಅಲ್ವಾ?

ದೊಡ್ಡಪ್ಪ: ಹಾಗಾದರೆ ಅದೇನು?

ರಘು: ಸಗಣಿ.

(ಏಳು ನಿಮಿಷ ಯಾರೂ ಏನೂ ಬರೆಯಲಿಲ್ಲ. 'ಟೈಪಿಂಗ್' ಅಂತ ಬರುವುದು, ಹೋಗುವುದು.)

ದೊಡ್ಡಪ್ಪ: ಹಿರಿಯರ ಜೊತೆ ಮಾತಾಡುವ ರೀತಿಯಾ ಇದು? ಓದಿಸಿದ್ದೇ ತಪ್ಪಾಯಿತು.

ರಘು: ಬೈಗುಳ ಅಲ್ಲ, ನಿಜವಾಗಿ ದನದ ಸಗಣಿ! ನಾಲ್ಕೈದು ಸಾವಿರ ವರ್ಷದ ಹಿಂದೆ ದನ ಸಾಕುತ್ತಿದ್ದವರು ದೊಡ್ಡಿಯ ಸಗಣಿ ಗುಡ್ಡೆ ಹಾಕಿ ಮತ್ತೆ ಮತ್ತೆ ಸುಟ್ಟಿದ್ದಾರೆ. ಬೆಂಕಿ ಜೋರಾದ ಕಡೆ ಕರಗಿ ಗಾಜಿನ ಹಾಗೆ ಗಟ್ಟಿಯಾಗಿದೆ. 1950ರ ದಶಕದಲ್ಲಿ ಆಲ್ಚಿನ್ ಅನ್ನುವವರು ತೆಲಂಗಾಣದ ಉತ್ನೂರಿನಲ್ಲಿ ಅಗೆದಾಗ ದನದ ಗೊರಸಿನ ಗುರುತೇ ಸಿಕ್ಕಿತು. ಯಾಕೆ ಸುಟ್ಟರು ಅಂತ ಮಾತ್ರ ವಿದ್ವಾಂಸರಲ್ಲಿ ಇನ್ನೂ ಜಗಳ ಇದೆ.

ಮಂಜು: ಸಗಣಿ ಅಂದ ಕೂಡಲೇ ಅಜ್ಜಿ ನೆನಪಾದರು. ಹಿತ್ತಿಲ ಗೋಡೆ ತುಂಬಾ ಕುಳ್ಳು. ಒಂದೊಂದರ ಮೇಲೂ ಐದು ಬೆರಳು, ಕಿರುಬೆರಳು ಮಾತ್ರ ಸ್ವಲ್ಪ ವಾರೆ. ಯಾವುದು ಅಜ್ಜಿಯದು, ಯಾವುದು ಅಮ್ಮನದು ಅಂತ ನೋಡಿಯೇ ಹೇಳುತ್ತಿದ್ದೆ.

ಅತ್ತೆ: ನನ್ನವು ದಪ್ಪ ಅಂತ ಬೈಸಿಕೊಳ್ಳುತ್ತಿದ್ದೆ. ಮದುವೆಗೆ ಮುಂಚೆ ನಾನು ತಟ್ಟಿದ ಕುಳ್ಳೆಲ್ಲ ಅಣ್ಣನ ಮದುವೆ ಅಡುಗೆಗೆ ಹೋಯಿತು. ನನ್ನ ಮದುವೆಗೆ ಸೌದೆ ಕೊಂಡರು. ಅದರ ಲೆಕ್ಕ ನಮ್ಮ ಮಾವನವರಿಗೆ ಕೊಟ್ಟರು!

ದೊಡ್ಡಪ್ಪ: ಯಾವ ಕಾಲದ ಮಾತು ಈಗ ಯಾಕೆ?

ಅತ್ತೆ: ನೀನು ವಾಲಿಯ ಕಾಲದ್ದು ತಂದೆಯಲ್ಲ.

ರಘು: ಅಂದಹಾಗೆ ದೊಡ್ಡಪ್ಪ, ನೀವು ದಿನಾ ಹಣೆಗೆ ಹಚ್ಚುವ ವಿಭೂತಿ ಯಾವುದರದ್ದು?

ಇದನ್ನು ಅವನು ಕೇಳಬಾರದಿತ್ತು. ವಿಷಯ ನಿಜವೇ, ಆದರೂ. ದೊಡ್ಡಪ್ಪ ಗುಂಪು ಬಿಟ್ಟರು. ಮಂಜು ಮತ್ತೆ ಸೇರಿಸಿದ. ಫಾರ್ವರ್ಡನ್ನು ಆಗ ಸರಿಯಾಗಿ ನೋಡಿದವರು ಒಬ್ಬರೇ.

ಚಿಕ್ಕಮ್ಮ: ಆ ಫೋಟೋ ದೊಡ್ಡದು ಮಾಡಿ ನೋಡಿ. ಬಲಗಡೆ ಮೂಲೆಯಲ್ಲಿ ಹಳದಿ ಛತ್ರಿ. ಮುರಿದ ಕಡ್ಡಿಗೆ ನೀಲಿ ದಾರ ಕಟ್ಟಿದ್ದು ನಾನೇ. ನಾವು ಹಂಪಿಗೆ ಹೋದಾಗಿನ ಫೋಟೋ ಇದು!

ಮಂಜು: ಅಯ್ಯೋ ಹೌದು. ನಾನೇ ತೆಗೆದದ್ದು. ಫೇಸ್‌ಬುಕ್ಕಿಗೆ ಹಾಕಿದ್ದೆ.

ರಘು: ನಾಸಾ ಅಂದರೆ ನಮ್ಮ ಮಂಜು.

ಚಿಕ್ಕಮ್ಮ: ಅದಿರಲಿ. ವಾಪಸ್ ಬರುವಾಗ ಬಸ್ಸಿನಲ್ಲಿ ಆ ಛತ್ರಿ ಯಾರ ಕೈಯಲ್ಲಿತ್ತು?

ದೊಡ್ಡಪ್ಪ: ನನ್ನ ಹತ್ತಿರ ಇಲ್ಲ.

ಚಿಕ್ಕಮ್ಮ: ನಾನು ನಿಮ್ಮ ಹೆಸರು ಹೇಳಲೇ ಇಲ್ಲ ಭಾವ.