ಎರಡೂವರೆ ವರ್ಷದ ಮಗುವಿಗೆ ಬಾಳಿಕೆ ಬರುವ ವೀಡಿಯೊ ಪ್ಲೇಯರ್ ಯಾವುದು?

ಪ್ರಶ್ನೆ: ನಾಪೋಕ್ಲಿನ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗನಿಗೆ ಈಗ ಎರಡು ವರ್ಷ ಏಳು ತಿಂಗಳು. ಅತ್ತೆಯವರ ಚಿಕಿತ್ಸೆಗಾಗಿ ತಿಂಗಳಿಗೊಮ್ಮೆ ಮಡಿಕೇರಿ, ಕುಶಾಲನಗರ, ಹುಣಸೂರು ಮಾರ್ಗವಾಗಿ ಮೈಸೂರಿಗೆ ಹೋಗಬೇಕಾಗಿದೆ. ದಾರಿಯಲ್ಲಿ ನಾಲ್ಕು ಗಂಟೆ, ಆಸ್ಪತ್ರೆಯಲ್ಲಿ ಸರದಿ ಬರುವವರೆಗೆ ಇನ್ನೆರಡು ಮೂರು ಗಂಟೆ. ಮಗುವನ್ನು ಮನೆಯಲ್ಲಿ ಬಿಟ್ಟು ಹೋಗಲು ಬೇರೆ ಯಾರೂ ಇಲ್ಲದ ಕಾರಣ ಜೊತೆಯಲ್ಲೇ ಕರೆದುಕೊಂಡು ಹೋಗುತ್ತೇವೆ.

ಇದುವರೆಗೆ ನನ್ನ ಫೋನನ್ನೇ ಕೊಡುತ್ತಿದ್ದೆ. ಅದು ಎರಡು ಸಲ ಬಿದ್ದು ಗಾಜು ಒಡೆದ ಮೇಲೆ, ಮೈದುನ ತನ್ನ ಬಳಿ ಇದ್ದ ಹಳೆಯ ಪೋರ್ಟಬಲ್ ಡಿವಿಡಿ ಪ್ಲೇಯರನ್ನು ತಂದುಕೊಟ್ಟರು. ಅದು ಉಳಿದದ್ದು ಆರು ವಾರ. ಮಗ ಮುಚ್ಚಳವನ್ನು ಹಿಂದಕ್ಕೆ ಬಗ್ಗಿಸಿ ಕೀಲು ಸಡಿಲ ಮಾಡಿದ್ದು ಸಾಲದೆ, ಡಿಸ್ಕ್ ಇಡುವ ಜಾಗದಲ್ಲಿ ಅರ್ಧ ತಿಂದ ಕೋಡುಬಳೆಯನ್ನು ಇಟ್ಟು ಮುಚ್ಚಿಬಿಟ್ಟಿದ್ದ. ಈಗ ಪ್ಲೇ ಒತ್ತಿದರೆ ಒಳಗೆ ಗರಗರ ಎನ್ನುವ ಸದ್ದು ಮಾತ್ರ ಬರುತ್ತದೆ.

ಡಿವಿಡಿ ಪ್ಲೇಯರನ್ನೇ ಇನ್ನೊಂದು ಕೊಳ್ಳಬೇಕೇ ಅಥವಾ ಟ್ಯಾಬ್ಲೆಟ್ ಸೂಕ್ತವೇ ಎಂಬುದು ನನ್ನ ಮುಖ್ಯ ಪ್ರಶ್ನೆ. ನಮ್ಮ ತೋಟದಲ್ಲಿ ನೆಟ್‌ವರ್ಕ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಗಾಳಿಮಳೆಗೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳಲಾಗದು. ಇವೆಲ್ಲವನ್ನೂ ತಡೆದುಕೊಂಡು ಎರಡು ವರ್ಷವಾದರೂ ಬಾಳಬೇಕು. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಗೋಣಿಕೊಪ್ಪದ ರಿಪೇರಿ ಅಂಗಡಿಯವನು

ಅಕ್ಕ, ನಾನು ಟಿವಿ, ಮೊಬೈಲ್ ರಿಪೇರಿ ಮಾಡುವವನು. ಡಿವಿಡಿ ಪ್ಲೇಯರನ್ನು ಮತ್ತೆ ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಅದರಲ್ಲಿ ಡಿಸ್ಕನ್ನು ತಿರುಗಿಸುವ ಮೋಟಾರ್ ಇದೆ, ಹಳಿಯ ಮೇಲೆ ಹಿಂದೆ ಮುಂದೆ ಸರಿಯುವ ಲೇಸರ್ ಲೆನ್ಸ್ ಇದೆ, ಪರದೆಗೂ ಕೆಳಗಿನ ಭಾಗಕ್ಕೂ ಸಂಪರ್ಕ ಕೊಡುವ ತೆಳುವಾದ ರಿಬ್ಬನ್ ಕೇಬಲ್ ಕೀಲಿನ ಮೂಲಕವೇ ಹಾದುಹೋಗುತ್ತದೆ. ಮಗು ಮುಚ್ಚಳವನ್ನು ಬಗ್ಗಿಸಿದಾಗ ಮೊದಲು ತುಂಡಾಗುವುದು ಆ ಕೇಬಲ್. ನಮ್ಮ ಮಳೆಗಾಲದ ತೇವಕ್ಕೆ ಲೆನ್ಸಿನ ಮೇಲೆ ಮಂಜು ಕವಿದಂತಾಗಿ ಡಿಸ್ಕ್ ಓದುವುದೇ ನಿಂತುಹೋಗುತ್ತದೆ. ಎಲ್ಲವೂ ಸರಿಯಿದ್ದರೂ ತಿರುವು, ಹೊಂಡಗಳ ರಸ್ತೆಯಲ್ಲಿ ಚಿತ್ರ ನಿಂತು ನಿಂತು ಬರುತ್ತದೆ. ಕೋಡುಬಳೆಯ ಪುಡಿಯನ್ನು ತೆಗೆಯಬಹುದು, ಆದರೆ ಹಳೆಯ ಮಾಡೆಲ್‌ಗಳಿಗೆ ಬಿಡಿಭಾಗ ಸಿಗುವುದು ಕಷ್ಟ.

ಚಲಿಸುವ ಭಾಗವೇ ಇಲ್ಲದ, ಮೆಮೊರಿ ಕಾರ್ಡ್ ಹಾಕಲು ಜಾಗವಿರುವ ಎಂಟು ಇಂಚಿನ ಸಾಧಾರಣ ಟ್ಯಾಬ್ಲೆಟ್ ಸಾಕು. ಹತ್ತು ಇಂಚಿನದು ಮಗುವಿನ ಕೈಗೆ ಭಾರ; ಭಾರ ಹೆಚ್ಚಿದಷ್ಟೂ ಬಿದ್ದಾಗ ಪೆಟ್ಟೂ ಹೆಚ್ಚು. ಅದೇ ಮಾಡೆಲ್‌ಗೆ ಸರಿಹೊಂದುವ ದಪ್ಪ ಇವಿಎ ಫೋಮ್ (ರಬ್ಬರಿನಂತೆ ಮೆತ್ತಗಿರುವ ವಸ್ತು) ಕವರ್ ಸಿಗುತ್ತದೆಯೇ ಎಂದು ಮೊದಲು ನೋಡಿ, ಆಮೇಲೆ ಟ್ಯಾಬ್ಲೆಟ್ ಆರಿಸಿ. ಕವರನ್ನು ಕೈಯಲ್ಲಿ ಹಿಡಿದು ಅದರ ಅಂಚು ಗಾಜಿಗಿಂತ ಎತ್ತರಕ್ಕೆ ನಿಲ್ಲುತ್ತದೆಯೇ ಎಂದು ಬೆರಳಾಡಿಸಿ ಪರೀಕ್ಷಿಸಿ. ಅಂಚು ಸಮನಾಗಿದ್ದರೆ ಬೋರಲಾಗಿ ಬಿದ್ದಾಗ ಗಾಜೇ ನೆಲಕ್ಕೆ ತಾಗುತ್ತದೆ, ಕವರ್ ಹಾಕಿಯೂ ಪ್ರಯೋಜನವಿಲ್ಲ. ನಾಲ್ಕು ಮೂಲೆಗಳಲ್ಲಿ ಫೋಮ್ ಉಬ್ಬಿಕೊಂಡಿರಬೇಕು, ಹಿಂಭಾಗದ ಹಿಡಿ ಮಡಚಿದಾಗ ಕಾಲಿನಂತೆ ನಿಲ್ಲಬೇಕು.

ಜನರೆಲ್ಲ ಗಾಜಿನ ಬಗ್ಗೆಯೇ ಚಿಂತಿಸುತ್ತಾರೆ. ನನ್ನ ಮೇಜಿಗೆ ಬರುವ ಮಕ್ಕಳ ಟ್ಯಾಬ್ಲೆಟ್‌ಗಳಲ್ಲಿ ಗಾಜು ಒಡೆದವುಗಳಿಗಿಂತ ಚಾರ್ಜಿಂಗ್ ಪಿನ್ ಕಿತ್ತುಬಂದವೇ ಹೆಚ್ಚು. ಚಾರ್ಜ್ ಆಗುತ್ತಿರುವಾಗ ಮಗು ಎಳೆದುಕೊಂಡು ಓಡುತ್ತದೆ, ಪಿನ್ ಒಳಗೇ ವಾಲುತ್ತದೆ. ಆದ್ದರಿಂದ ಚಾರ್ಜ್ ಮಾಡುವ ಹೊತ್ತಿನಲ್ಲಿ ಅದು ಮಗುವಿನ ಕೈಗೆಟುಕದ ಎತ್ತರದಲ್ಲಿರಲಿ. ಚಾರ್ಜರಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತೂ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಸಂತೆಯಲ್ಲಿ ಸಿಗುವ ಅಗ್ಗದ ಚಾರ್ಜರ್ ಬೇಡ.

ಅಂಗಡಿಯಲ್ಲಿ ಐಪಿ 67 ಎಂದು ಹೇಳಿ ಕೆಲವರು ಹೆಚ್ಚು ಬೆಲೆಯದನ್ನು ತೋರಿಸಬಹುದು. ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು; 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ಹಾನಿಕರ ಪ್ರಮಾಣದಲ್ಲಿ ನೀರು ಹೋಗಬಾರದು ಎಂದು ಅರ್ಥ. ನಿಮ್ಮ ಬಳಕೆಗೆ ಅಷ್ಟು ಬೇಕಿಲ್ಲ. ಆದರೆ ಫೋಮ್ ಕವರ್ ನೀರನ್ನು ತಡೆಯುವುದಿಲ್ಲ, ಅದು ಬೀಳುವುದಕ್ಕೆ ಮಾತ್ರ ಎಂಬುದು ನೆನಪಿರಲಿ. ಮಳೆಗಾಲದಲ್ಲಿ ಬಳಸದ ದಿನಗಳಂದು ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ, ಪೊಟ್ಟಣ ಮಗುವಿನ ಕೈಗೆ ಸಿಗಬಾರದು. ಬೆಚ್ಚಗಿರಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುವವರಿದ್ದಾರೆ. ಮೆಣಸಿಗೆ ಅದು ಸರಿ, ಲಿಥಿಯಂ ಬ್ಯಾಟರಿಗೆ ಖಂಡಿತ ಸರಿಯಲ್ಲ.

ಉತ್ತರ 2: ಮಡಿಕೇರಿಯ ಶುಶ್ರೂಷಕಿ

ಮಕ್ಕಳ ವಾರ್ಡಿನಲ್ಲಿ ಹಲವು ವರ್ಷ ಕೆಲಸ ಮಾಡಿದವಳಾಗಿ ಒಂದು ವಿಷಯವನ್ನು ಎಲ್ಲಕ್ಕಿಂತ ಮೊದಲು ಹೇಳಬೇಕು. ಆ ಹಳೆಯ ಡಿವಿಡಿ ಪ್ಲೇಯರ್ ಜೊತೆ ಕಾರ್ಡಿನಷ್ಟು ತೆಳುವಾದ ರಿಮೋಟ್ ಬಂದಿತ್ತೇ? ಅಂತಹ ರಿಮೋಟ್‌ಗಳಲ್ಲಿ ಸಾಮಾನ್ಯವಾಗಿ ನಾಣ್ಯದಂತಹ ಗುಂಡು ಸೆಲ್ ಇರುತ್ತದೆ, ಅದರ ತಟ್ಟೆ ಉಗುರಿನಿಂದಲೇ ಹೊರಬರುತ್ತದೆ. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ತೀವ್ರವಾಗಿ ಸುಟ್ಟ ಗಾಯವಾಗಬಹುದು. ನುಂಗಿರಬಹುದೆಂಬ ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ, ಬೆಳಗಾಗಲಿ ಎಂದು ಕಾಯದೆ, ನೇರವಾಗಿ ಆಸ್ಪತ್ರೆಗೆ ಹೊರಡಬೇಕು. ಪ್ಲೇಯರ್ ಕೆಟ್ಟ ಮೇಲೆ ರಿಮೋಟ್ ಮಗುವಿನ ಆಟಿಕೆಗಳ ಬುಟ್ಟಿಗೆ ಸೇರುವುದು ಸಾಮಾನ್ಯ. ಇಂದೇ ಹುಡುಕಿ ಸೆಲ್ ತೆಗೆದು, ಅದಕ್ಕೆ ಟೇಪ್ ಸುತ್ತಿ ಎತ್ತರದಲ್ಲಿಡಿ.

ಸಮಯದ ಮಾತು ನಿಮಗೂ ಗೊತ್ತಿರಬಹುದು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ತಿಂಗಳಿಗೊಂದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಅದು ಒಂದೂವರೆ ಗಂಟೆಯಾದರೆ ತಾಯಿಯನ್ನು ದೂರುವವಳು ನಾನಲ್ಲ. ಮರುದಿನ ಮನೆಯಲ್ಲಿ ಊಟ ಮಾಡಿಸಲೂ ಅದನ್ನೇ ಹಚ್ಚುವುದು ಬೇಡ ಎನ್ನುತ್ತೇನೆ ಅಷ್ಟೆ. ಹೆಡ್‌ಫೋನ್ ಕೊಡುವುದಾದರೆ ಶಬ್ದಕ್ಕೆ ಮಿತಿ ಇರುವ ಮಕ್ಕಳ ಹೆಡ್‌ಫೋನ್ ಕೊಡಿ. ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ 85 ಡೆಸಿಬೆಲ್ ಎಂದು ಬರೆದಿರುತ್ತದೆ. ಮಕ್ಕಳಿಗೆ 75 ಡೆಸಿಬೆಲ್ ಎಂಬ ಲೆಕ್ಕ ಇರುವುದರಿಂದ ಪೆಟ್ಟಿಗೆಯ ಮೇಲಿನ ಮಿತಿಯನ್ನು ಮುಟ್ಟದಂತೆ ಇನ್ನೂ ತಗ್ಗಿಸಿಯೇ ಇಡಿ.

ಉತ್ತರ 3: ಸಂಪಾಜೆಯಿಂದ

ಒಂದೇ ಮಾತು. ತಿರುವುಗಳಲ್ಲಿ ಪರದೆ ಕೊಡಬೇಡಿ. ಕಣ್ಣು ಅಲುಗಾಡದ ಚಿತ್ರವನ್ನು ನೋಡುತ್ತಿರುವಾಗ ಕಿವಿಯೊಳಗಿನ ಸಮತೋಲನದ ಅಂಗ ದೇಹ ವಾಲುತ್ತಿರುವುದನ್ನು ತಿಳಿಸುತ್ತದೆ, ಇವೆರಡೂ ಹೊಂದದೆ ವಾಂತಿಯಾಗುತ್ತದೆ. ನಮ್ಮ ಮಗಳು ಘಾಟಿ ಇಳಿಯುವಾಗ ಟ್ಯಾಬ್ಲೆಟ್ ಮೇಲೆಯೇ ವಾಂತಿ ಮಾಡಿ, ಅದು ಸ್ಪೀಕರಿನ ತೂತುಗಳೊಳಗೆ ಇಳಿದು, ಆ ಬಳಿಕ ಎಲ್ಲ ಹಾಡುಗಳೂ ನೀರಿನಡಿಯಿಂದ ಬಂದಂತೆ ಕೇಳಿಸುತ್ತಿದ್ದವು. ನೀವು ಕುಶಾಲನಗರ ದಾಟುವವರೆಗೆ ಕಿಟಕಿಯ ಹೊರಗೆ ಕಾಫಿ ತೋಟವನ್ನೋ, ದಾಟಿದ ಕೂಡಲೇ ಬರುವ ಬೈಲುಕುಪ್ಪೆಯಲ್ಲಿ ಟಿಬೆಟನ್ನರ ಬಾವುಟಗಳನ್ನೋ ತೋರಿಸಿ. ಆಮೇಲೆ ರಸ್ತೆ ನೇರವಾಗುತ್ತದೆ.

ನಾಪೋಕ್ಲಿನ ತಾಯಿ

ಮೂವರಿಗೂ ಧನ್ಯವಾದಗಳು. ರಿಮೋಟ್ ಸೋಫಾದ ಸಂದಿಯಲ್ಲಿ ಸಿಕ್ಕಿತು, ಸೆಲ್ ಒಳಗೇ ಇತ್ತು. ಟೇಪ್ ಸುತ್ತಿ ಎತ್ತಿಟ್ಟಿದ್ದೇನೆ. ಟ್ಯಾಬ್ಲೆಟ್ ಕೊಳ್ಳುವುದೆಂದು ನಿಶ್ಚಯಿಸಿದ್ದೇವೆ. ನೆಟ್‌ವರ್ಕ್ ಇಲ್ಲದೆ ನಡೆಸುವುದು ಹೇಗೆ, ಎಷ್ಟು ಜಾಗದ ಕಾರ್ಡ್ ಬೇಕು, ಮತ್ತು ಮಗು ಬೇರೆ ಬೇರೆ ಕಡೆ ಒತ್ತಿ ಎಲ್ಲವನ್ನೂ ಕೆದಕದಂತೆ ಏನು ಮಾಡಬೇಕು?

ಗೋಣಿಕೊಪ್ಪದ ರಿಪೇರಿ ಅಂಗಡಿಯವನು

32 ಜಿಬಿ ಕಾರ್ಡ್ ಧಾರಾಳವಾಯಿತು, ಅಕ್ಕ. ಎಂಟು ಇಂಚಿನ ಪರದೆಗೆ 480ಪಿ ಗುಣಮಟ್ಟವೇ ಸಾಕು, ಒಂದು ಗಂಟೆಯ ವೀಡಿಯೊ ಸುಮಾರು 500 ಎಂಬಿ ಆಗುತ್ತದೆ. ನಿಮಗೆ ಬೇಕಾಗುವುದು ಐದಾರು ಗಂಟೆಯಷ್ಟು, ಏಕೆಂದರೆ ಈ ವಯಸ್ಸಿನ ಮಕ್ಕಳು ನೋಡಿದ್ದನ್ನೇ ಮತ್ತೆ ಮತ್ತೆ ನೋಡುತ್ತಾರೆ. ಎಂಪಿ4 ರೂಪದಲ್ಲಿದ್ದರೆ ಸಾಮಾನ್ಯವಾಗಿ ಎಲ್ಲ ಟ್ಯಾಬ್ಲೆಟ್‌ಗಳಲ್ಲೂ ಓಡುತ್ತದೆ. ಪಟ್ಟಣಕ್ಕೆ ಬಂದಾಗ ಎಲ್ಲವನ್ನೂ ಕಾರ್ಡಿಗೆ ತುಂಬಿಸಿಕೊಂಡು, ಮನೆಯಲ್ಲಿ ಏರೋಪ್ಲೇನ್ ಮೋಡ್ ಹಾಕಿಡಿ. ಜಾಹೀರಾತೂ ಬರುವುದಿಲ್ಲ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಎಂಬಲ್ಲಿ ಸ್ಕ್ರೀನ್ ಪಿನ್ನಿಂಗ್ ಅಥವಾ ಆಪ್ ಪಿನ್ನಿಂಗ್ ಎಂದಿರುತ್ತದೆ. ಅದನ್ನು ಆನ್ ಮಾಡಿ, ಹೊರಬರಲು ಪಿನ್ ಸಂಖ್ಯೆ ಕೇಳುವಂತೆ ಇಟ್ಟು, ವೀಡಿಯೊ ಆಪನ್ನು ಪಿನ್ ಮಾಡಿದರೆ ವೀಡಿಯೊ ಬಿಟ್ಟು ಬೇರೆಡೆಗೆ ಹೋಗಲಾಗದು.

ಕರೆಂಟಿನ ಮಾತಿಗೆ ಬಂದರೆ 10,000 ಎಂಎಎಚ್ ಪವರ್ ಬ್ಯಾಂಕ್ ಒಂದಿರಲಿ. 5,000 ಎಂಎಎಚ್ ಬ್ಯಾಟರಿಯ ಟ್ಯಾಬ್ಲೆಟನ್ನು ಅದು ಎರಡು ಸಲ ತುಂಬಿಸುತ್ತದೆ ಎಂದು ಲೆಕ್ಕ ಹಾಕಬೇಡಿ, ನಡುವೆ ನಷ್ಟವಾಗುವುದರಿಂದ ಒಂದೂವರೆ ಸಲ ಎಂದುಕೊಳ್ಳಿ. ಮೈಸೂರಿನ ಒಂದು ದಿನಕ್ಕೆ ಅಷ್ಟು ಸಾಕು. ಕಾರಿನಲ್ಲಿ ಟ್ಯಾಬ್ಲೆಟನ್ನು ಮುಂದಿನ ಸೀಟಿನ ಹಿಂಬದಿಗೆ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ. ಸಡಿಲವಾಗಿ ಇಟ್ಟರೆ ಗಟ್ಟಿ ಬ್ರೇಕ್ ಹಾಕಿದಾಗ ಅದು ಹಾರಿ ಯಾರಿಗಾದರೂ ಬಡಿಯಬಹುದು.

ಗಾಜಿನ ಮೇಲೆ ಟೆಂಪರ್ಡ್ ಗ್ಲಾಸ್ ಬದಲು ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಳ್ಳಿ. ಗೀರು ಬೀಳುತ್ತದೆ, ನೋಡಲು ಚೆಂದವಿಲ್ಲ. ಆದರೆ ಈ ವಯಸ್ಸಿನವರು ಅಂಚನ್ನು ಕಚ್ಚುತ್ತಾರೆ, ಚೂರಾದ ಗಾಜು ಬಾಯಿಗೆ ಹೋಗಬಾರದು. ಹಳೆಯ ಡಿವಿಡಿ ಪ್ಲೇಯರನ್ನು ಎಸೆಯುವ ಮುನ್ನ ಅಡಿಭಾಗವನ್ನೊಮ್ಮೆ ನೋಡಿ. ಉಬ್ಬಿಕೊಂಡಿದ್ದರೆ ಬ್ಯಾಟರಿ ಕೆಟ್ಟಿದೆ ಎಂದು ಅರ್ಥ. ಚಾರ್ಜಿಗೆ ಹಾಕದೆ, ಬಿಚ್ಚದೆ, ಹಾಗೆಯೇ ಅಂಗಡಿಗೆ ತಂದುಕೊಡಿ.