ಮೂರು ಭಾಗಗಳ ಬಿಬಿಎಸ್ ಆರ್‌ಎಸ್ ಚಕ್ರ: ಬಿಚ್ಚುವುದು ಹೇಗೆ, ಜೋಡಿಸುವುದು ಹೇಗೆ?

ಪ್ರಶ್ನೆ: 1980ರ ದಶಕದ ಜರ್ಮನ್ ಕಾರಿಗೆ ಹಾಕಿರುವ, ಬಿಬಿಎಸ್ ಕಂಪನಿಯ ಆರ್‌ಎಸ್ ಮಾದರಿಯ ಚಕ್ರಗಳ ಹೊರ ಅಂಚು ಮಂಕಾಗಿರುವುದರಿಂದ, ಪಾಲಿಶ್‌ಗೆ ಕೊಡುವ ಮುನ್ನ ಮೂರೂ ಭಾಗಗಳನ್ನು (ನಡುಭಾಗ, ಹೊರ ಅಂಚು, ಒಳ ಅಂಚು) ಬೇರ್ಪಡಿಸಬೇಕೆಂದಿದ್ದೇನೆ. ಟೈರು ಕಳಚಿ, ಬೋಲ್ಟ್‌ಗಳನ್ನೆಲ್ಲ ತೆಗೆದರೂ ಭಾಗಗಳು ಕದಲುತ್ತಿಲ್ಲ. ಸುತ್ತಿಗೆಯಿಂದ ಹೊಡೆಯಬಹುದೇ?

ಉತ್ತರ 1: ಕಬ್ಬಿಣದ ಸುತ್ತಿಗೆಯನ್ನು ಹತ್ತಿರಕ್ಕೂ ತರಬೇಡಿ. ಈಗ ಭಾಗಗಳನ್ನು ಹಿಡಿದಿರುವುದು, ಗಾಳಿ ಸೋರದಂತೆ ಒಳಗಿನ ಸಂದಿಯ ಸುತ್ತ ಬಳಿದಿರುವ ಸಿಲಿಕೋನ್ ಅಂಟು. ಭಾಗಗಳು ಮೊದಲಿನ ಸ್ಥಾನದಲ್ಲೇ ಕೂರುವಂತೆ ಗುರುತು ಹಾಕಿಕೊಂಡು, ಸಿಲಿಕೋನನ್ನು ತೆಳು ಅಲಗಿನಿಂದ ಸೀಳಿ, ಹೀಟ್ ಗನ್‌ನಿಂದ ಹದವಾಗಿ ಬಿಸಿ ಮಾಡಿ, ರಬ್ಬರ್ ಸುತ್ತಿಗೆಯಿಂದ ಸುತ್ತಲೂ ತಟ್ಟುತ್ತ ಬಂದರೆ ತಾನಾಗಿಯೇ ಬಿಡುತ್ತದೆ.

ಉತ್ತರ 2: ಬಿಚ್ಚುವುದಕ್ಕಿಂತ ಜೋಡಣೆಯೇ ಸೂಕ್ಷ್ಮ. ಬಣ್ಣ ಹಾಕಿಸುವಾಗ ಭಾಗಗಳು ಒಂದಕ್ಕೊಂದು ಕೂರುವ ಮುಖಗಳನ್ನು ಟೇಪಿನಿಂದ ಮುಚ್ಚಿಸಿ. ಪೌಡರ್ ಕೋಟಿಂಗ್ (ಪುಡಿ ಬಣ್ಣವನ್ನು ಬಿಸಿಯಲ್ಲಿ ಕರಗಿಸಿ ಕೂರಿಸುವ ಲೇಪ) ಅಲ್ಲಿ ದಪ್ಪಗೆ ಕುಳಿತರೆ ಒತ್ತಡಕ್ಕೆ ಕುಗ್ಗಿ ಬೋಲ್ಟ್‌ಗಳ ಬಿಗಿ ಸಡಿಲವಾಗುತ್ತದೆ. ತುಕ್ಕು ಹಿಡಿದ ಬೋಲ್ಟ್‌ಗಳ ಮೇಲೆ ಜಿಪುಣತನ ಬೇಡ, ಪೂರ್ತಿ ಸೆಟ್ಟನ್ನೇ ಬದಲಿಸಿ. ಎದುರುಬದುರಾಗಿ, ಎರಡು ಮೂರು ಹಂತಗಳಲ್ಲಿ, ತಯಾರಕರು ಸೂಚಿಸಿದ ಬಿಗಿತಕ್ಕೆ ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಿಂದಲೇ ಬಿಗಿಯಬೇಕು.

ಉತ್ತರ 3: ಜೋಡಿಸಿದ ಮೇಲೆ ಸಂದಿಗೆ ಬಳಿದ ಹೊಸ ಸಿಲಿಕೋನ್ ಪೂರ್ತಿ ಗಟ್ಟಿಯಾಗುವವರೆಗೆ ಟೈರು ಹಾಕಬೇಡಿ. ಟೈರು ಹಾಕುವ ಮುನ್ನ ಚಕ್ರ ತಿರುಗಿಸಿ, ಡಯಲ್ ಗೇಜಿನಲ್ಲಿ (ಸೂಕ್ಷ್ಮ ಅಲುಗಾಟ ಅಳೆಯುವ ಮುಳ್ಳಿನ ಮಾಪಕ) ಓಲಾಟ ನೋಡಿ. ಗಾಳಿ ತುಂಬಿದ ಮೇಲೆ ಸಂದಿಗೆ ಸೋಪಿನ ನೀರು ಬಳಿದರೆ, ಸೋರಿಕೆಯಿದ್ದಲ್ಲಿ ಗುಳ್ಳೆ ಏಳುತ್ತದೆ.