ಬೀ ಬಾಮ್ ನಡುವೆ ಬೋಳು, ಎಲೆ ತುಂಬಾ ಬಿಳಿ ಪುಡಿ. ಕಿತ್ತು ಹಾಕಲಾ?

ಹಿತ್ತಲಮೂಲೆ:
ಮೂರು ವರ್ಷದ ಹಿಂದೆ ಒಂದೇ ಒಂದು ಕೆಂಪು ಬೀ ಬಾಮ್ ಸಸಿ ನೆಟ್ಟಿದ್ದೆ. ಮೊದಲ ವರ್ಷ ಲೆಕ್ಕಕ್ಕೆ ನಾಲ್ಕು ಹೂವು. ಮರುವರ್ಷ ಸೊಂಟದೆತ್ತರ ಬೆಳೆದು ದುಂಬಿಗಳ ಜಾತ್ರೆಯೇ ನೆರೆಯಿತು. ಈ ಸಲ ನೋಡಿದರೆ ನಡುಭಾಗ ಬೋಳು, ಸುತ್ತ ಮಾತ್ರ ಉಂಗುರದ ಹಾಗೆ ಚಿಗುರು. ಪಕ್ಕದ ಗುಲಾಬಿ ಬುಡಕ್ಕೂ ನುಗ್ಗಿದೆ. ಎಲೆಗೆಲ್ಲ ಹಿಟ್ಟು ಎರಚಿದ ಹಾಗೆ ಬಿಳುಪು. ನೀರು ಸಾಲದೇನೋ ಅಂತ ದಿನಾ ಸಂಜೆ ಪೈಪ್ ಹಿಡಿದು ತಲೆಸ್ನಾನ ಮಾಡಿಸುತ್ತಿದ್ದೇನೆ.

ಇನ್ನೊಂದು ವಿಷಯ. ಅರ್ಲ್ ಗ್ರೇ ಚಹಾದ ಪರಿಮಳ ಈ ಎಲೆಯದ್ದೇ ಅಂತಾರೆ. ಹೌದಾ?

ಕುಂಡಪ್ರೇಮಿ:
ಪುದೀನ ಜಾತಿಯ ಗಿಡ ಅಲ್ವಾ, ಜಾಗ ಬಿಟ್ಟರೆ ಸುಮ್ನಿರುವುದಿಲ್ಲ. ನಾನಂತೂ ದೊಡ್ಡ ಕುಂಡಕ್ಕೆ ಹಾಕಿ ನೆಮ್ಮದಿಯಾಗಿದ್ದೇನೆ. ಬೇಗ ಒಣಗುತ್ತದೆ, ಅದೊಂದೇ ತಲೆನೋವು.

ಮಣ್ಣುಗೈ:
ಕಿತ್ತು ಹಾಕಬೇಡಿ. ನಡುವೆ ಬೋಳಾಗುವುದು ರೋಗವಲ್ಲ, ವಯಸ್ಸು. ಇದು ನೆಲದೊಳಗೆ ಕಾಂಡ ಹರಿಸಿಕೊಂಡು ಹೊರಹೊರಗೆ ಓಡುವ ಗಿಡ, ಹಳೆಯ ನಡು ಸಾಯುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ, ಚಳಿ ಕಳೆದು ಚಿಗುರು ಏಳುವಾಗ, ಇಡೀ ಬುಡ ಅಗೆದು ತೆಗೆಯಿರಿ. ನಡುವಿನ ಒಣ ಕಟ್ಟಿಗೆಯಂಥದ್ದನ್ನು ಎಸೆಯಿರಿ. ಅಂಚಿನ ಚಿಗುರುಗಳನ್ನು ಬೇರು ಸಮೇತ ಬಿಡಿಸಿ 45ರಿಂದ 60 ಸೆಂಟಿಮೀಟರ್ ಬಿಟ್ಟು ನೆಡಿ. ಆಗ 'ಇಷ್ಟು ದೂರವಾ' ಅನಿಸುತ್ತದೆ. ಅನಿಸಲಿ.

ಆ ಬಿಳಿ ಪುಡಿ ಬೂದಿ ರೋಗ. ಗಿಡ ಸಾಯುವುದು ಕಡಿಮೆ, ಅಂದ ಮಾತ್ರ ಕೆಡುತ್ತದೆ. ಈ ಶಿಲೀಂಧ್ರಕ್ಕೆ ಎಲೆ ಒದ್ದೆಯೇ ಆಗಬೇಕೆಂದಿಲ್ಲ. ಬುಡ ಒಣಗಿ, ದಂಟುಗಳ ನಡುವೆ ಗಾಳಿಯಾಡದೆ ಹವೆಯಲ್ಲಿ ತೇವ ನಿಂತರೆ ಸಾಕು. ನಿಮ್ಮ ಸಂಜೆಯ ತಲೆಸ್ನಾನ ಆ ತೇವವನ್ನೇ ಹೆಚ್ಚಿಸುತ್ತಿದೆ, ಬೇರಿಗೆ ನೀರು ಮುಟ್ಟಿದೆಯೋ ಇಲ್ಲವೋ. ಬೆಳಿಗ್ಗೆ ಬುಡಕ್ಕೆ ಹೊಟ್ಟೆ ತುಂಬ ಹಾಕಿ. ದಂಟುಗಳು ಒತ್ತಾಗಿದ್ದರೆ ಮೂರಕ್ಕೊಂದು ಕತ್ತರಿಸಿ. ಗೊಬ್ಬರ ಮಿತವಾಗಿರಲಿ. ನಾನು ಒಂದು ವರ್ಷ ಪ್ರೀತಿ ಜಾಸ್ತಿಯಾಗಿ ಸುರಿದೆ. ಎಲೆ ಎಮ್ಮೆ ಕಿವಿಯಷ್ಟಾಯಿತು, ಹೂವಿಗಿಂತ ಮೊದಲು ಬೂದಿ ಬಂತು. ಈಗ ಹೂವು ಮುಗಿದ ಮೇಲೆ ರೋಗದ ದಂಟನ್ನು ನೆಲದ ಮಟ್ಟಕ್ಕೆ ಕತ್ತರಿಸುತ್ತೇನೆ, ಹೊಸ ಎಲೆ ಚೊಕ್ಕವಾಗಿ ಬರುತ್ತದೆ.

ಹೊಸ ಸಸಿ ತರುವುದಾದರೆ ಕೆಂಪಿನಲ್ಲಿ ಜೇಕಬ್ ಕ್ಲೈನ್ ತಳಿ ಬೂದಿಯನ್ನು ಚೆನ್ನಾಗಿ ತಡೆಯುತ್ತದೆ. ತಿಳಿ ನೇರಳೆ ಹೂವಿನ ಮೊನಾರ್ಡಾ ಫಿಸ್ಟುಲೋಸಾ ಎಂಬ ಇದರ ಸೋದರ ಗಿಡ ಒಣ ನೆಲಕ್ಕೂ ಜಗ್ಗುವುದಿಲ್ಲ. ಕೆಂಪು ಹೂವಿನ ಕೊಳವೆ ಉದ್ದ. ಅದು ಹಮ್ಮಿಂಗ್ ಬರ್ಡ್ ಎಂಬ ಅಮೆರಿಕದ ಪುಟ್ಟ ಮಕರಂದದ ಹಕ್ಕಿಗೆ, ಉದ್ದ ನಾಲಿಗೆಯ ದುಂಬಿಗಳಿಗೆ ಸರಿ. ಜೇನುನೊಣ ಪಾಪ, ತಳದ ಮಕರಂದಕ್ಕೆ ಒದ್ದಾಡುತ್ತದೆ. ಹೆಸರಲ್ಲಿ 'ಬೀ', ಅಂದರೆ ಜೇನುನೊಣ, ಇದೆ ಅಂತ ಮೋಸಹೋಗಬೇಡಿ.

ಚಹಾ: ಅರ್ಲ್ ಗ್ರೇಗೆ ಹಾಕುವುದು ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆ. ವಾಸನೆ ಹೋಲುವುದರಿಂದ ಈ ಗಿಡಕ್ಕೂ ಆ ಹೆಸರು ಅಂಟಿಕೊಂಡಿತು, ಅಷ್ಟೆ. ಆದರೆ ಇದರದ್ದೇ ಚಹಾ ಬೇರೆ ಇದೆ. ಗಿಡದ ತವರು ಉತ್ತರ ಅಮೆರಿಕದ ಪೂರ್ವಭಾಗ. ಅಲ್ಲಿ ಇದಕ್ಕೆ ಓಸ್ವಿಗೋ ಚಹಾ ಎನ್ನುತ್ತಾರೆ. 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ಬ್ರಿಟಿಷರ ಚಹಾ ಪೆಟ್ಟಿಗೆಗಳನ್ನು ನೀರಿಗೆಸೆದ ಕಾಲದಲ್ಲಿ ವಸಾಹತಿನವರು ಬದಲಿಗೆ ಇದನ್ನು ಕುಡಿದರು. ಹೂವು ಬಿಡುವ ಮುನ್ನ ಎಳೆ ಎಲೆ ಕೊಯ್ದು ನೆರಳಲ್ಲಿ ಒಣಗಿಸಿ. ಓಮದಲ್ಲಿರುವ ಥೈಮಾಲ್ ಎಂಬ ಘಾಟಿನ ಅಂಶ ಇದರಲ್ಲೂ ಇದೆ, ಜಾಸ್ತಿ ಹೊತ್ತು ನೆನೆಸಿದರೆ ಗಂಟಲು ಹಿಡಿಯುತ್ತದೆ. ಬೂದಿ ಹಿಡಿದ ಎಲೆ, ಔಷಧಿ ಹೊಡೆದ ಎಲೆ ಬೇಡವೇ ಬೇಡ. ಬಸುರಿಯರು ದೂರವಿರುವುದು ಒಳ್ಳೆಯದು.

ಹಿತ್ತಲಮೂಲೆ:
ದಂಟು ಬಿಡಿಸಿದೆ, ಅರ್ಧ ಬುಟ್ಟಿ ತುಂಬಿತು! ಒಳಗೆ ಗಾಳಿ ಆಡುತ್ತಿದೆ ಈಗ. ಅಗೆಯುವುದಕ್ಕೆ ಚಿಗುರುವ ತನಕ ಕಾಯುತ್ತೇನೆ. ಗುಲಾಬಿ ಬುಡಕ್ಕೆ ನುಗ್ಗಿದ್ದನ್ನು ಮಾತ್ರ ಇವತ್ತೇ ಎಳೆದುಬಿಡಲಾ?

ಮಣ್ಣುಗೈ:
ಎಳೆಯಿರಿ. ಬೇರು ಮೇಲ್ಮೇಲೆ ಇರುತ್ತದೆ, ಮಣ್ಣು ಒದ್ದೆಯಿದ್ದಾಗ ಸಲೀಸಾಗಿ ಬರುತ್ತದೆ. ಒಂದು ತುಂಡು ಕುಂಡಪ್ರೇಮಿಯವರಿಗೂ ಎತ್ತಿಡಿ.